ರಾಚಮ್ಮ ಇಟ್ಟ ಆಣೆ

ನನ್ನ ಚಿಕ್ಕವ್ವ ರಾಚಮ್ಮ ಕೋಪ ಬಂದರೆ ಕೂಗಾಡುವವಳಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತುತ್ತಾಳೆ. ಕೋಪ ಯಾರ ಮೇಲೋ ಅವರ ಬಾಗಿಲಿಗೇ ಹೋಗಿ, ಅವರು ಎದ್ದು ಬರುವವರೆಗೆ ನಿಂತೇ ಇರುತ್ತಾಳೆ. ಹೆಂಡತಿಯ ಮೇಲೆ ಕೈ ಮಾಡಿದ ಗಂಡಸರ ಬಾಗಿಲಲ್ಲಿ ನಿಂತಿದ್ದಾಳೆ, ಪಡಿತರದ ಅಕ್ಕಿಯಲ್ಲಿ ತೂಕ ಹೊಡೆದ ಅಂಗಡಿಯವನ ಬಾಗಿಲಲ್ಲಿ ನಿಂತಿದ್ದಾಳೆ. ಕಳೆದ ಶ್ರಾವಣದಲ್ಲಿ ಬಂದು ನಿಂತದ್ದು ಚಾಮರಾಜನಗರದ ನನ್ನ ಮನೆ ಬಾಗಿಲಲ್ಲಿ. ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿಕೊಡುತ್ತೇನೆ. ಆ ಕೋಪಕ್ಕೆ ನಾನು ಸಿಕ್ಕಿದ್ದು ಅದೇ ಕಾರಣಕ್ಕೆ.

ಚಿಕ್ಕವ್ವನ ಕೆಲಸ ಗುಂಡ್ಲುಪೇಟೆಯಲ್ಲಿ. ‘ಆಸರೆದೀಪ’ ಎಂಬ ಟ್ರಸ್ಟಿನವರು ಅಲ್ಲಿ ಹೆಂಗಸರಿಗಾಗಿ ಒಂದು ಸಮಾಲೋಚನಾ ಕೇಂದ್ರ ನಡೆಸುತ್ತಾರೆ. ದೊಡ್ಡ ಹೆಸರು, ಇರುವುದು ಈರುಳ್ಳಿ ಮಂಡಿಯೊಂದರ ಮೇಲಿನ ಎರಡು ಕೋಣೆ. ಕೆಳಗೆ ಕೇರಳದ ಲಾರಿಗಳು ಹಿಂದಕ್ಕೂ ಮುಂದಕ್ಕೂ ಗುರ್ರೆನ್ನುತ್ತಿರುತ್ತವೆ, ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ರೇಟಿನ ಜಗಳ ನಡೆದಿರುತ್ತದೆ. ಆ ಗದ್ದಲವೇ ಅವಳಿಗೆ ಬೇಕಿತ್ತು. ಒಳಗೆ ಕೂತು ಅತ್ತವರ ಮಾತು ಮೆಟ್ಟಿಲ ಬಳಿ ನಿಂತವರಿಗೂ ಕೇಳುತ್ತಿರಲಿಲ್ಲ. ಗಂಡ ಹೊಡೆದದ್ದು, ಮಾವ ಕೈ ಹಿಡಿದದ್ದು, ಮನೆಯಲ್ಲಿ ತಿಳಿಯದಂತೆ ಬಸಿರು ತೆಗೆಸಿದ್ದು, ಬಾಯಿಗೆ ಬಾರದ್ದನ್ನೆಲ್ಲ ಸುತ್ತಮುತ್ತಲ ಹಳ್ಳಿಯ ಹೆಂಗಸರು ಅವಳ ಮುಂದೆ ಬಂದು ಹೇಳುತ್ತಿದ್ದರು.

ಅವಳ ಮುಂದೆಯೇ ಏಕೆ ಎಂದರೆ, ಅವಳು ಪುಟ್ಟಮಾದಯ್ಯನ ಮಗಳು. ನನ್ನ ತಾತ ಪುಟ್ಟಮಾದಯ್ಯ ದನದ ದಲ್ಲಾಳಿ. ದನದ ಜಾತ್ರೆಯಲ್ಲಿ ನೂರು ಜನ ಸುತ್ತ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೂ ಕೊಳ್ಳುವವನ ಕೈಯನ್ನು ಟವೆಲ್ ಕೆಳಗೆ ಹಿಡಿದು ಬೆರಳಲ್ಲೇ ದರ ಮುಗಿಸುತ್ತಿದ್ದ. ಒಂದು ಬೆರಳು ಹಿಡಿದರೆ ಒಂದು, ಐದೂ ಬೆರಳು ಹಿಡಿದರೆ ಐದು. ಟವೆಲ್ ತೆಗೆದ ಮೇಲೆ ಅಲ್ಲಿ ಏನೂ ಇರುವುದಿಲ್ಲ. ಇಬ್ಬರ ನೆನಪು ಬಿಟ್ಟರೆ ಯಾರಿಗೂ ಹಿಡಿಯಲು ಏನೂ ಸಿಗುವುದಿಲ್ಲ. ಒಂದು ಜೋಡಿ ಎತ್ತು ಎಷ್ಟಕ್ಕೆ ಹೋಯಿತೆಂದು ಅಜ್ಜಿ ಸಾಯುವವರೆಗೆ ಕೇಳಿದಳು, ತಾತ ಸಾಯುವವರೆಗೆ ಹೇಳಲಿಲ್ಲ. ಅಂಥವನ ಮಗಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆ ಎಂದು ಜನ ನಂಬಿದ್ದರು, ನಂಬಿದ್ದು ಸರಿಯಾಗಿಯೇ ಇತ್ತು.

ನಮ್ಮ ಕಡೆ ಇನ್ನೊಂದು ಕ್ರಮವಿದೆ. ದೊಡ್ಡ ಸತ್ಯ ಹೇಳುವವರು ಸುಮ್ಮನೆ ಹೇಳುವುದಿಲ್ಲ. ನೆಲ ಮುಟ್ಟಿ, ‘ನಾನು ಇಂಥ ಊರಿನ ಇಂಥವರ ಮಗಳು, ಇಂಥವರ ಮನೆ ಸೊಸೆ, ಮಾದಪ್ಪನಾಣೆಗೂ ಸುಳ್ಳು ಹೇಳೋದಿಲ್ಲ’ ಎಂದು ಶುರು ಮಾಡುತ್ತಾರೆ. ಕೇಳುವವರೂ ಆಣೆ ಇಡಬೇಕು: ‘ಮಾದಪ್ಪನಾಣೆಗೂ ಇದು ನನ್ನಿಂದ ಆಚೆ ಹೋಗೋದಿಲ್ಲ.’ ಆಮೇಲೆ ಮಾತು. ಹೆಸರು, ಊರು ಹೇಳದೆ ಆಡಿದ್ದು ಗಾಳಿಮಾತು ಎಂಬುದು ಚಿಕ್ಕವ್ವನ ಗಟ್ಟಿ ನಂಬಿಕೆ. ಯಾರಾದರೂ ಮರೆತರೆ ಅವಳೇ ನೆನಪಿಸುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಟ್ರಸ್ಟಿನ ನಿರ್ದೇಶಕ ಮಲ್ಲಿಕಾರ್ಜುನಸ್ವಾಮಿ ಒಂದು ಹೊಸ ಏರ್ಪಾಡು ತಂದರು. ಪ್ರತಿ ಮಾತುಕತೆಯನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಬೇಕು. ಹೊಸಬರಿಗೆ ತರಬೇತಿ ಕೊಡಲು ಬೇಕು, ಹಣ ಕೊಡುವವರು ಕೇಳುತ್ತಾರೆ ಎಂದರು. ಹೆಂಗಸರ ಹೆಸರು ಎಲ್ಲೂ ಇರುವುದಿಲ್ಲ, ಬರೀ ನಂಬರು. ಕಂಪ್ಯೂಟರ್ ನೋಡಿಕೊಳ್ಳುವ ಶರತ್ ಬಂದು ಚಿಕ್ಕವ್ವನಿಗೆ ಬಿಡಿಸಿ ಹೇಳಿದ: “ಇದಕ್ಕೆ ಹಾಕಿರೋ ಬೀಗ ಮುರಿಯೋಕೆ ಪ್ರಪಂಚದ ಕಂಪ್ಯೂಟರ್‌ಗಳನ್ನೆಲ್ಲ ಸೇರಿಸಿ ಕೂರಿಸಿದ್ರೂ ಸೂರ್ಯ ಆರಿಹೋಗೋವರೆಗೆ ಆಗಲ್ಲ ಅಮ್ಮ.” ಚಿಕ್ಕವ್ವ ಆ ಮಾತನ್ನು ನಂಬಿದಳು. ಹೆಂಗಸರು ಫೋನಿನ ಕಡೆ ಅನುಮಾನದಿಂದ ನೋಡಿದಾಗಲೆಲ್ಲ, ಇದೂ ಆಚೆ ಹೋಗುವುದಿಲ್ಲ ಎಂದು ತನ್ನ ಆಣೆಯನ್ನು ಆ ಬೀಗದ ಮೇಲೂ ಇಟ್ಟಳು. ಒಬ್ಬ ಸಂಬಳದ ಹುಡುಗ ಕೊಟ್ಟ ಭರವಸೆಯ ಮೇಲೆ ನಮ್ಮ ಸೀಮೆಯ ದೇವರು ಮಾದಪ್ಪನನ್ನು ತಂದು ಕೂರಿಸಿದಂತಾಯಿತು.

ಶ್ರಾವಣದಲ್ಲಿ ಆ ರೆಕಾರ್ಡಿಂಗುಗಳು ಕಳುವಾದವು. ಅವನ್ನು ಇಟ್ಟಿದ್ದ ಎಲ್ಲಿಯದೋ ಕಂಪನಿಯ ಕಂಪ್ಯೂಟರಿಗೆ ಯಾರೋ ನುಗ್ಗಿ ಎಲ್ಲದರ ಪ್ರತಿ ಮಾಡಿಕೊಂಡು ಹೋಗಿದ್ದರು. ಮಲ್ಲಿಕಾರ್ಜುನಸ್ವಾಮಿ ಸಿಬ್ಬಂದಿಯನ್ನು ಕರೆಸಿ, ಕದ್ದವರಿಗೆ ಸಿಕ್ಕಿರುವುದು ಬೀಗ ಹಾಕಿದ ಪೆಟ್ಟಿಗೆ ಮಾತ್ರ, ಒಳಗಿನದು ಯಾರಿಗೂ ಕೇಳಿಸುವುದಿಲ್ಲ, ಹೆಂಗಸರಿಗೆ ಹೇಳಿ ಗಾಬರಿ ಹುಟ್ಟಿಸಬೇಡಿ ಎಂದು ಹೇಳಿ ಬೋಂಡ ಕಾಫಿ ತರಿಸಿದರು. ಚಿಕ್ಕವ್ವ ಬೋಂಡ ಮುಟ್ಟದೆ ಎದ್ದು ಬಂದು ಬಸ್ಸು ಹತ್ತಿದಳು.

“ಕಾಫಿ ಬ್ಯಾಡ, ಕೂತ್ಕ,” ಎಂದಳು ಬಾಗಿಲಲ್ಲೇ. “ಶಿವಿ, ನೀ ಓದ್ದೋಳು. ಆ ಬೀಗವ ಕದ್ದೋರ್ಗ ತಗಿಯಕ್ಕಾದ್ದಾ?”

“ಈಗ ಆಗಲ್ಲ ಚಿಕ್ಕವ್ವ,” ಎಂದೆ.

“ಈಗ ಅಂದ್ರ? ನಿನ್ ಮಾತ್ಲಿ ಈಗ ಯಾಕ್ ಬತ್ತು?”

ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿದರೆ ಧೈರ್ಯ ಬರಲಿಲ್ಲ. ನನಗೆ ತಿಳಿದಷ್ಟನ್ನು ಹೇಳಿದೆ. ರೆಕಾರ್ಡಿಂಗಿಗೆ ಹಾಕಿದ ಬೀಗ ಗಟ್ಟಿಯೇ. ಆದರೆ ಅದರ ಕೀಲಿಯನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು ಬೇರೆ ಥರದ ಬೀಗ ಹಾಕಿರುತ್ತಾರೆ, ಎಲ್ಲದರ ಪ್ರತಿ ಮಾಡಿಕೊಂಡ ಕಳ್ಳರ ಬಳಿ ಆ ಪೆಟ್ಟಿಗೆಯೂ ಇದೆ. ಆ ಎರಡನೆಯ ಬೀಗ ನಿಂತಿರುವುದು ಒಂದು ಲೆಕ್ಕದ ಮೇಲೆ. ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಬಂದ ಉತ್ತರವನ್ನು ಕೊಟ್ಟು ಮೂಲದ ಎರಡನ್ನು ಹುಡುಕು ಎಂದರೆ ಈಗಿನ ಕಂಪ್ಯೂಟರಿಗೆ ದಾರಿ ಕಾಣುವುದಿಲ್ಲ. ರಾಗಿ ಹಿಟ್ಟಿಗೆ ಜೋಳದ ಹಿಟ್ಟು ಬೆರೆಸಿ, ಈಗ ಎರಡನ್ನೂ ಬೇರೆ ಮಾಡು ಎಂದ ಹಾಗೆ.

“ಸರಿ. ಅಂಗಾರ ಯಾರ್ ತಗೀತಾರು?”

“ಕ್ವಾಂಟಂ ಕಂಪ್ಯೂಟರ್ ಅಂತ ಬೇರೆ ಜಾತಿ ಯಂತ್ರ ಕಟ್ತಾ ಇದಾರೆ ಚಿಕ್ಕವ್ವ.”

ಆ ಯಂತ್ರ ಇನ್ನೂ ಕೂಸು, ಹೆಜ್ಜೆಗೊಂದು ತಪ್ಪು ಮಾಡುತ್ತದೆ. ಆದರೆ ಅದು ಬೆಳೆದರೆ ಈ ಲೆಕ್ಕವನ್ನು ಹೇಗೆ ಬಿಡಿಸಬೇಕು ಎಂಬ ವಿಧಾನವನ್ನು, ಅಂದರೆ ಅಲ್ಗಾರಿದಮ್ಮನ್ನು, ಯಂತ್ರ ಹುಟ್ಟುವ ಮೊದಲೇ ಕಂಡುಹಿಡಿದು ಇಟ್ಟಿದ್ದಾರೆ. ಆಗಲೇ ಮೂವತ್ತು ವರ್ಷ ದಾಟಿತು. ಒಂದು ಸಂಖ್ಯೆಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುತ್ತ, ಪ್ರತಿ ಸಲವೂ ಬೀಗದ ದೊಡ್ಡ ಸಂಖ್ಯೆಯಿಂದ ಭಾಗಿಸಿದರೆ, ಉಳಿಯುವ ಶೇಷಗಳು ಒಂದು ಸುತ್ತು ಮುಗಿಸಿ ಮೊದಲಿನಿಂದ ಬರತೊಡಗುತ್ತವೆ. ಆ ಸುತ್ತಿನ ಉದ್ದ ಸಿಕ್ಕಿದರೆ ಬೀಗ ತೆರೆದ ಹಾಗೆ. ಸಂತೆ ಎಷ್ಟು ದಿನಕ್ಕೊಮ್ಮೆ ಸೇರುತ್ತದೆಂದು ತಿಳಿದರೆ ವ್ಯಾಪಾರಿಯನ್ನು ಊರೂರು ಹುಡುಕಬೇಕಿಲ್ಲವಲ್ಲ. ಈಗಿನ ಕಂಪ್ಯೂಟರ್ ಆ ಸುತ್ತನ್ನು ನಡೆದು ನಡೆದೇ ಸವೆಯುತ್ತದೆ. ಕ್ವಾಂಟಂ ಯಂತ್ರದಲ್ಲಿ ಎಲ್ಲ ಸಾಧ್ಯತೆಗಳೂ ಅಲೆಗಳ ಹಾಗೆ ಒಂದರ ಮೇಲೊಂದು ಬಿದ್ದು, ತಪ್ಪಾದವು ಒಂದನ್ನೊಂದು ಅಳಿಸಿಕೊಂಡು, ಆ ಸುತ್ತಿನ ಗುರುತು ಮಾತ್ರ ಎದ್ದು ಕಾಣುತ್ತದೆ.

ತರಗತಿಯಲ್ಲಿ ಇದನ್ನು ಹೇಳುವಾಗ ನನಗೆ ಖುಷಿಯಾಗುತ್ತದೆ. ಅಂದು ಆಗಲಿಲ್ಲ.

“ಯಾವಾಗ ಬೆಳೆದ್ದು ಆ ಯಂತ್ರ?”

“ಯಾರಿಗೂ ಗೊತ್ತಿಲ್ಲ. ಕೆಲವರು ಹತ್ತು ವರ್ಷ ಅಂತಾರೆ, ಕೆಲವರು ಇಪ್ಪತ್ತು. ಆಗೋದೇ ಇಲ್ಲ ಅನ್ನೋರೂ ಇದಾರೆ. ಅದು ಬಂದರೂ ತಡೆಯೋಂಥ ಹೊಸ ಬೀಗಗಳು ಈಗಾಗಲೇ ಬಂದಿವೆ, ದೊಡ್ಡ ದೊಡ್ಡವರು ಬದಲಾಯಿಸ್ತಾ ಇದಾರೆ. ಆದ್ರೆ ಕದ್ದುಕೊಂಡು ಹೋದದ್ದಕ್ಕೆ ಹೊಸ ಬೀಗ ಹಾಕೋಕೆ ಬರಲ್ಲ ಚಿಕ್ಕವ್ವ. ಅವರು ಅದನ್ನ ಎತ್ತಿಟ್ಟುಕೊಂಡು ಕಾಯಬಹುದು.”

ಚಿಕ್ಕವ್ವ ಸಂತೆಮರಹಳ್ಳಿ ಕಡೆಯ ಒಬ್ಬಳ ವಿಷಯ ಹೇಳಿದಳು. ಅವಳ ಹೆಸರು ನಾನು ಬರೆಯುವುದಿಲ್ಲ, ಊರಿನ ಹೆಸರನ್ನೂ ಬದಲಾಯಿಸಿದ್ದೇನೆ. ಅವಳಿಗೊಬ್ಬಳು ಮಗಳು, ಇನ್ನೂ ಶಾಲೆಗೆ ಸೇರದ ಕೂಸು. ಆ ಮಗುವಿನ ಹುಟ್ಟಿನ ಬಗ್ಗೆ ಅವಳು ಒಂದು ಮಾತು ಹೇಳಿದ್ದಳು. ಅದೇನೆಂದು ಚಿಕ್ಕವ್ವ ನನಗೆ ಇವತ್ತಿನವರೆಗೂ ಹೇಳಿಲ್ಲ, ನಾನೂ ಕೇಳಿಲ್ಲ. ಹೇಳಿ ಮುಗಿಸಿ ಆ ತಾಯಿ ಇಟ್ಟ ಷರತ್ತು ಒಂದೇ: ಇದು ಲೋಕಕ್ಕೆಲ್ಲ ತಿಳಿದರೂ ಮಗಳಿಗೆ ತಿಳಿಯಬಾರದು, ತಾನು ಸತ್ತ ಮೇಲೂ ತಿಳಿಯಬಾರದು.

“ಇಪ್ಪತ್ ವರ್ಸ ಅಂದ್ರ ಆ ಮೊಗ ಮದ್ವಾಗಿ ಮಕ್ಕ ಎತ್ಕೊಂಡಿರೋ ಟೇಮು ಕಣಮ್ಮಿ,” ಎಂದಳು. “ಅವತ್ ಅವ್ಳ ಫೋನ್ಗ ಯಾವನೋ ಕಳುಸ್ತಾನ. ಅವ್ಳವ್ವನ್ ಬಾಯ್ಲೇ ಕ್ಯೋಳ್ತಾಳ. ನನ್ ದನಿನೂ ಇರ್ತದ ಅದ್ರಲ್ಲಿ, ಆಣ ಇಕ್ಕೋ ದನಿ.”

ಮರುದಿನ ಇಬ್ಬರೂ ಗುಂಡ್ಲುಪೇಟೆಗೆ ಹೋದೆವು. ಮಲ್ಲಿಕಾರ್ಜುನಸ್ವಾಮಿ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು. ನಯವಾಗಿ ಮಾತಾಡುತ್ತಾರೆ, ಕುರ್ಚಿ ಎಳೆದು ಕೊಡುತ್ತಾರೆ, ನಾಳೆಯ ಕಷ್ಟವನ್ನು ನಾಳೆಯವರಿಗೆ ದಾಟಿಸುತ್ತಾರೆ. ನಾನು ಹೇಳಿದ್ದನ್ನೆಲ್ಲ ಕೇಳಿ ನಕ್ಕರು.

“ಮೇಡಂ, ಮುಂದಿನ ತಿಂಗಳೇ ಹೊಸ ಬೀಗ ಹಾಕಿಸ್ತೀವಿ. ಹಳೇದು ಯಾವತ್ತೋ ತೆರೆದರೂ ಅದರಲ್ಲಿ ಇರೋದು ನಂಬರು. ಹೆಸರಿಲ್ಲ, ಊರಿಲ್ಲ. ಯಾರ ಧ್ವನಿ ಅಂತ ಯಾರಿಗೆ ಗೊತ್ತಾಗಬೇಕು?”

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುತ್ತಾರಂತೆ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಚಿಕ್ಕವ್ವ ಕೇಳಿದಳು:

“ಸಾ, ನೀವು ಒಂದಾರ ಕ್ಯೋಳಿದ್ದರಾ? ಮೊದ್ಲ ಎಲ್ಡ್ ಮಾತಾರ?”

ಅವರು ಶರತ್‌ನ ಕಡೆ ನೋಡಿದರು. ಶರತ್ ಕಂಪ್ಯೂಟರಿನಲ್ಲಿ ಏನೋ ತೆರೆದು, ಕೆಳಗೆ ಮೇಲೆ ಸರಿಸಿ, ಕಿವಿ ಕೆಂಪಗೆ ಮಾಡಿಕೊಂಡ.

“ಯಾರೂ ತೆಗೆದಿಲ್ಲ ಸರ್. ಒಂದನ್ನೂ ಯಾರೂ ಕೇಳಿಲ್ಲ.”

ತರಬೇತಿಯೂ ಇಲ್ಲ, ಮಣ್ಣೂ ಇಲ್ಲ! ಅಷ್ಟು ವರ್ಷ, ಅಷ್ಟು ಹೆಂಗಸರ ಕಣ್ಣೀರನ್ನು ರೆಕಾರ್ಡ್ ಮಾಡಿ, ಬೀಗ ಹಾಕಿ, ದೂರದ ಯಾವುದೋ ಊರಿನಲ್ಲಿ ಪೇರಿಸಿಟ್ಟಿದ್ದರು, ಒಂದು ಗಳಿಗೆ ಕಿವಿಗೊಟ್ಟವರು ಯಾರೂ ಇಲ್ಲ. ಮೊದಲ ಸಲ ಕೇಳುವವನು ಕಳ್ಳನೇ ಆಗುತ್ತಾನೆ.

“ಕ್ಯೋಳಿದ್ರ ಗೊತ್ತಾಗ್ತಿತ್ತು,” ಎಂದಳು ಚಿಕ್ಕವ್ವ. “ಪ್ರತಿ ಒಬ್ಬಳೂ ನೆಲ ಮುಟ್ಟಿ ಹೆಸ್ರು ಯೋಳವಳ. ಊರು ಯೋಳವಳ, ಅಪ್ಪನ್ ಹೆಸ್ರು, ಗಂಡನ ಮನ ಹೆಸ್ರು. ನಾನೇ ಯೋಳಸ್ದಿ. ನಿಮ್ ನಂಬರ್ ಯಾರ್ಗ ಬೇಕು ಸಾ?”

ಕೆಳಗೆ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಮಲ್ಲಿಕಾರ್ಜುನಸ್ವಾಮಿ ಕನ್ನಡಕ ತೆಗೆದು ಒರೆಸಿದರು.

“ಆಯ್ತು, ತಪ್ಪಾಗಿದೆ. ಆದರೆ ರಾಚಮ್ಮ, ಈಗ ಹೋಗಿ ಹೆಂಗಸರಿಗೆಲ್ಲ ಹೇಳಿದರೆ ಏನು ಪ್ರಯೋಜನ? ನಾಳೆಯಿಂದ ಒಬ್ಬಳೂ ಈ ಮೆಟ್ಟಿಲು ಹತ್ತಲ್ಲ. ಹೊಡೆಸಿಕೊಂಡವರು ಹೊಡೆಸಿಕೊಂಡೇ ಇರ್ತಾರೆ. ಆ ಯಂತ್ರ ಬರೋ ಹೊತ್ತಿಗೆ ನೀವೂ ಇರಲ್ಲ, ನಾನೂ ಇರಲ್ಲ.”

“ಆ ಮೊಗ ಇರ್ತದಲ್ಲ ಸಾ,” ಎಂದಳು ಚಿಕ್ಕವ್ವ.

ಹೇಳಿದರೆ ಕೆಲಸ ಹೋಗುತ್ತದೆ ಎಂದೂ ಅವರು ನಯವಾಗಿಯೇ ಹೇಳಿದರು. ಅವಳು ಮೇಜಿನ ಮೇಲಿದ್ದ ರೆಕಾರ್ಡಿಂಗಿನ ಫೋನನ್ನು ಅವರ ಕಡೆಗೆ ತಳ್ಳಿ, ಮೆಟ್ಟಿಲು ಇಳಿದಳು.

ಇಷ್ಟು ಕಾಲ ತನ್ನ ಕೋಪ ಹೊತ್ತುಕೊಂಡು ಬೇರೆಯವರ ಬಾಗಿಲಿಗೆ ಹೋಗುತ್ತಿದ್ದವಳು, ಈ ಸಲ ಬೇರೆಯವರ ಕೋಪಕ್ಕೆ ತಲೆ ಕೊಡಲು ಹೊರಟಳು. ಮೊದಲು ಸಂತೆಮರಹಳ್ಳಿ. ನೀನೂ ಬಾ, ಅವಳು ಯಂತ್ರದ ವಿಷಯ ಕೇಳಿದರೆ ನನಗೆ ಹೇಳಲು ಬರುವುದಿಲ್ಲ ಎಂದು ನನ್ನನ್ನು ಎಳೆದುಕೊಂಡು ಹೋದಳು. ಅಂದು ಸಂತೆಯ ದಿನ. ಆ ತಾಯಿ ಬೇವಿನ ಮರದ ಕೆಳಗೆ ಗೋಣಿತಾಟು ಹಾಸಿ ಕೀರೆಸೊಪ್ಪು, ಹಸಿ ಕಡಲೆಕಾಯಿ ಹರಡಿಕೊಂಡು ಕೂತಿದ್ದಳು. ಮಗಳು ಅವಳ ತೊಡೆಯ ಮೇಲೆ ಕೂತು ಕಡಲೆಕಾಯಿ ಸುಲಿದು ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಚಿಕ್ಕವ್ವನನ್ನು ಕಂಡು ತಾಯಿಯ ಮುಖ ಅರಳಿತು.

“ರಾಚಕ್ಕ, ನೀವು ಇಲ್ಗಂಟ?”

ಮಗುವನ್ನು ಆಡಲು ಕಳಿಸು ಎಂದು ಚಿಕ್ಕವ್ವ ಸನ್ನೆ ಮಾಡಿದಳು. ಮಗು ಕದಲಲಿಲ್ಲ, ಹೊಸಬಳಾದ ನನ್ನನ್ನೇ ನೋಡುತ್ತಿತ್ತು. ಚಿಕ್ಕವ್ವ ಪಕ್ಕದಲ್ಲಿ ಕೂತು, ಮಗುವಿಗೆ ಅರ್ಥವಾಗದಂತೆ ಹೇಳಿದಳು: “ನೀ ನನ್ತವ ಒಂದ್ ಗಂಟು ಬುಟ್ಟಿದ್ದಲ್ಲವ್ವ, ಅದ ಕಳ್ರು ಎತ್ಕೊಂಡೋಗ್ಬುಟ್ರು.”

ಅವಳಿಗೆ ತಕ್ಷಣ ತಿಳಿಯಿತು. ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ ಕೈ ಅಲ್ಲೇ ನಿಂತಿತು.

“ಬಿಚ್ಬುಟ್ರಾ?”

“ಇನ್ನೂ ಇಲ್ಲ. ಮುಂದ ಬಿಚ್ಬೌದು.”

“ಅವ್ವ, ಯಾವ್ ಗಂಟು?” ಎಂದಿತು ಮಗು. “ಅದ್ರಲ್ಲಿ ಏನಿತ್ತವ್ವ?”

ನಾನು ಬೇರೆ ಕಡೆ ತಿರುಗಿದೆ. ತಾಯಿ ಮಗುವಿನ ಬಾಯಿಗೆ ಎರಡು ಕಡಲೆಬೀಜ ಹಾಕಿ, ತಲೆ ನೇವರಿಸಿ, ಇನ್ನೊಂದು ಕೈಯನ್ನು ಸೆರಗಿನೊಳಗೆ ಮಾಡಿಕೊಂಡಳು. ನಮ್ಮ ಕಡೆಯ ರೈತರ ಮನೆಯ ಹೆಣ್ಣುಮಕ್ಕಳಿಗೆ ಟವೆಲ್ ಲೆಕ್ಕ ಗೊತ್ತಿರುತ್ತದೆ. ಚಿಕ್ಕವ್ವನೂ ಕೈಯನ್ನು ಆ ಸೆರಗಿನ ಕೆಳಗೆ ಕೊಟ್ಟಳು. ಸೆರಗು ಸ್ವಲ್ಪ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೊಪ್ಪಿನ ರೇಟು ಕೇಳಲು ಬಂದ ಒಬ್ಬ ಗಂಡಸು ಉತ್ತರ ಸಿಗದೆ ಮುಂದೆ ಹೋದ. ಕೊನೆಗೆ ತಾಯಿಯೇ ಕೈ ಬಿಡಿಸಿಕೊಂಡಳು.

“ಅಕ್ಕ,” ಎಂದಳು. ದನಿ ಏರಲಿಲ್ಲ. “ನಾ ನಿಮ್ಮುನ್ನ ನಂಬಿ ಯೋಳ್ಲಿಲ್ಲ, ಮಾದಪ್ಪನ್ನ ನಂಬಿ ಯೋಳ್ದಿ. ಇನ್ಮೇಲ ಯಾರ್ ಮುಂದ್ಲೂ ಅವನ್ ಹೆಸ್ರ ತಗೀಬ್ಯಾಡಿ. ಏಳಿ, ಯಾಪಾರದ ಹೊತ್ತು.”

ಚಾಮರಾಜನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಸುಮಾರು ದೂರ ಬಂದ ಮೇಲೆ ಚಿಕ್ಕವ್ವ ನನ್ನ ಕೈಯನ್ನು ತನ್ನ ಸೆರಗಿನ ಕೆಳಗೆ ಎಳೆದುಕೊಂಡಳು. ಐದೂ ಬೆರಳನ್ನು ಒಟ್ಟಿಗೆ ಹಿಡಿದು ಅಮುಕಿದಳು.

“ಮೊದ್ಲು ಇಂಗ್ ಕ್ಯೋಳದ್ಲು. ಐದ್ ವರ್ಸವಾ ಅಂತ. ನಾ ಸುಮ್ನಿದ್ದಿ.” ಎರಡು ಸಲ ಅಮುಕಿದಳು. “ಆಮೇಲ ಇಂಗ. ಅದ್ಕೂ ಸುಮ್ನಿದ್ದಿ. ಏರಸ್ತಾನೇ ಓದ್ಲು ಕಣಮ್ಮಿ, ಏರಸ್ತಾನೇ ಓದ್ಲು. ಹದಿನೈದು. ಇಪ್ಪತ್ತು. ಎಲ್ಲಾರ ಒಂದ್ಕಡ ನಾ ಊಂ ಅಂತಿನಿ ಅಂತ.”

ಅವಳು ನನ್ನ ಕೈ ಬಿಡಲಿಲ್ಲ. ಬೆರಳುಗಳನ್ನು ಹಿಡಿದೇ ಇದ್ದಳು, ನಾನಾದರೂ ವರ್ಷದ ಲೆಕ್ಕ ಹೇಳುತ್ತೇನೇನೋ ಎಂಬಂತೆ. ಊರು ಬರುವವರೆಗೂ ನಾನು ಒಂದು ಬೆರಳನ್ನೂ ಅಲುಗಿಸಲಿಲ್ಲ.

“ಬುಡು,” ಎಂದು ಅವಳು ಎದ್ದಳು. “ನಾಳ ಇನ್ನೊಬ್ಬಳ ಮನಗ ಓಗ್ಬೇಕು.”